ಆಟ ತಡವರಿಸಿದರೆ ದುಬಾರಿ ಪ್ಲಾನ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಮನೆಯ ಇಂಟರ್ನೆಟ್‌ನಲ್ಲಿ ಆನ್‌ಲೈನ್ ಆಟ ಆಡುವಾಗ ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು) ಏರಿ ಆಟ ತಡವರಿಸುವ ತೊಂದರೆಯ ಬಗ್ಗೆ, ಅದಕ್ಕೆ ಪರಿಹಾರವೆಂದು ನಂಬಿ ನಮ್ಮ ಜನ ಸುಮ್ಮನೆ ಕಳೆದುಕೊಳ್ಳುತ್ತಿರುವ ಹಣದ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ನಾನು ನೆಟ್‌ವರ್ಕ್ ನಿರ್ವಹಣೆಯ ಕೆಲಸದಲ್ಲಿರುವುದರಿಂದ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಪರಿಚಿತರು, ಕನ್ನಡ ಸಂಘದ ಗೆಳೆಯರು ಈ ದೂರನ್ನು ನನ್ನ ಬಳಿ ತರುತ್ತಾರೆ, ಮತ್ತು ಎಲ್ಲರ ಮನೆಯಲ್ಲೂ ಕಥೆ ಹೆಚ್ಚುಕಡಿಮೆ ಒಂದೇ. ಮಗನೋ ಮಗಳೋ ನೆಟ್ ಸರಿಯಿಲ್ಲ ಎನ್ನುತ್ತಾರೆ, ಅಪ್ಪ ಕಂಪನಿಗೆ ಫೋನ್ ಮಾಡುತ್ತಾರೆ, 100 ಎಂಬಿಪಿಎಸ್ ಬದಲು 300 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಳ್ಳಿ ಎಂಬ ಸಲಹೆ ಅತ್ತಲಿಂದ ಬರುತ್ತದೆ, ತಿಂಗಳ ಬಿಲ್ ಏರುತ್ತದೆ, ರಾತ್ರಿ ಒಂಬತ್ತಕ್ಕೆ ಆಟ ಮತ್ತೆ ಹಾಗೆಯೇ ತಡವರಿಸುತ್ತದೆ. ಈ ತೊಂದರೆಗೆ ವೇಗ ಕಾರಣವಲ್ಲ, ವಿಳಂಬ ಕಾರಣ. ಸಂದೇಶ ಸಾಗುವ ದಾರಿಯ ಯಾವ ತುಂಡಿನಲ್ಲಿ ವಿಳಂಬವಿದೆ ಎಂದು ಮೊದಲು ಪತ್ತೆ ಹಚ್ಚದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು ಎಂಬುದೇ ನಾನು ಹೇಳಬೇಕಾದ ಮಾತು.

ಆಟ ತಾನೇ, ತಡವರಿಸಿದರೆ ಒಳ್ಳೆಯದೇ ಆಯಿತು, ಓದಲಿ ಎನ್ನುವ ಹಿರಿಯರಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಹಣ ಕಟ್ಟಿ ಆಡುವ ಆಟಗಳ ವಿಚಾರ ಬೇರೆ. ಅವುಗಳನ್ನು ನಿಷೇಧಿಸಿದ 2025ರ ಕಾನೂನೇ ಇ-ಸ್ಪೋರ್ಟ್ಸ್ ಅನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಒಪ್ಪಿಕೊಂಡಿದೆ, ಮತ್ತು 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕಗಳೂ ಇದ್ದವು. ಅದಕ್ಕಿಂತ ಮುಖ್ಯವಾಗಿ, ಮಗನ ಆಟವನ್ನು ಕೆಡಿಸುವ ಅದೇ ವಿಳಂಬ ಮಗಳ ವಿಡಿಯೊ ಸಂದರ್ಶನವನ್ನೂ, ಉಡುಪಿಯಲ್ಲಿರುವ ಅಜ್ಜಿಯೊಡನೆ ಆಡುವ ಮಾತನ್ನೂ ಕೆಡಿಸುತ್ತದೆ. ಆಟದಲ್ಲಿ ಅದು ಮೊದಲು ಕಣ್ಣಿಗೆ ಬೀಳುತ್ತದೆ, ಅಷ್ಟೇ.

ನಮ್ಮ ಯಂತ್ರದಿಂದ ಹೊರಟ ಒಂದು ಸಣ್ಣ ಸಂದೇಶ ಸರ್ವರ್, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರ್, ತಲುಪಿ ಅದರ ಉತ್ತರ ಹಿಂದಿರುಗಲು ಬೇಕಾಗುವ ಹೊತ್ತೇ ಪಿಂಗ್. ಅದನ್ನು ಮಿಲಿಸೆಕೆಂಡ್‌ಗಳಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಎಂಬಿಪಿಎಸ್ ಎಂಬುದು ಒಂದು ಸೆಕೆಂಡಿನಲ್ಲಿ ಎಷ್ಟು ಸರಕು ಸಾಗಬಹುದು ಎಂಬುದರ ಅಳತೆ. ಹನ್ನೆರಡು ಬೋಗಿಯ ಲೋಕಲ್ ರೈಲಿಗೆ ಇನ್ನೂ ಮೂರು ಬೋಗಿ ಜೋಡಿಸಿದರೆ ಹೆಚ್ಚು ಜನ ಹತ್ತಬಹುದೇ ಹೊರತು ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಹೊತ್ತು ಒಂದು ನಿಮಿಷವೂ ಇಳಿಯುವುದಿಲ್ಲ. ಹೆಚ್ಚಿನ ಆಟಗಳಿಗೆ ಆಡುವಾಗ ಒಂದು ಎಂಬಿಪಿಎಸ್ ಕೂಡ ಪೂರ್ತಿ ಬೇಕಾಗುವುದಿಲ್ಲ. ಡೌನ್‌ಲೋಡ್ ಮತ್ತು ಅಪ್‌ಡೇಟ್ ಸಮಯದಲ್ಲಿ ಮಾತ್ರ ದೊಡ್ಡ ವೇಗದಿಂದ ಲಾಭ. ಆದರೆ ವ್ಯಾಲರಂಟ್‌ನಂಥ ಗುಂಡು ಹಾರಿಸುವ ಆಟದ ಸರ್ವರ್ ಸೆಕೆಂಡಿಗೆ 128 ಸಲ ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ, ಅಂದರೆ ಎಂಟು ಮಿಲಿಸೆಕೆಂಡಿಗೂ ಕಡಿಮೆ ಅವಧಿಗೊಮ್ಮೆ. ಅಲ್ಲಿ ನಮ್ಮ ಗುಂಡಿ ಒತ್ತುವಿಕೆ 150 ಮಿಲಿಸೆಕೆಂಡ್ ತಡವಾಗಿ ತಲುಪಿದರೆ ಎದುರಾಳಿ ಆಗಲೇ ಜಾಗ ಬದಲಿಸಿರುತ್ತಾನೆ.

ಮುಂಬಯಿಯಲ್ಲಿ ಕುಳಿತವರು ಇದನ್ನು ಸಹಿಸಿಕೊಳ್ಳಲು ಕಾರಣವೇ ಇಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ದೇಶದೊಳಕ್ಕೆ ಬರುವ ಸಮುದ್ರದಡಿಯ ಕೇಬಲ್‌ಗಳಲ್ಲಿ ಬಹಳಷ್ಟು ವರ್ಸೋವಾ ತೀರದಲ್ಲೇ ದಡ ಹತ್ತುತ್ತವೆ. ನವಿ ಮುಂಬಯಿಯ ಐರೋಲಿ, ಮಹಾಪೆ ಕಡೆ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಎದ್ದಿವೆ. ಅಮೆಜಾನ್ 2016ರಲ್ಲಿ ತನ್ನ ಕ್ಲೌಡ್ ಸೇವೆಯ ಭಾರತದ ಮೊದಲ ಕೇಂದ್ರವನ್ನು ತೆರೆದದ್ದು ಮುಂಬಯಿಯಲ್ಲೇ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ ಮುಂತಾದ ಆಟಗಳ ಸರ್ವರ್‌ಗಳೂ ಇಲ್ಲಿವೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಆ ಲೆಕ್ಕದಲ್ಲಿ 25 ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು ಕಾಲು ಮಿಲಿಸೆಕೆಂಡ್ ಸಾಕು. ನಡುವಿನ ಯಂತ್ರಗಳು ತೆಗೆದುಕೊಳ್ಳುವ ಹೊತ್ತನ್ನು ಸೇರಿಸಿದರೂ ಒಳ್ಳೆಯ ಫೈಬರ್ ಲೈನಿನಲ್ಲಿ ಮುಂಬಯಿ ಸರ್ವರ್‌ನ ಪಿಂಗ್ ಹತ್ತು ಹದಿನೈದರೊಳಗೆ ಇರಬೇಕು. ಅದು 90 ಎಂದು ತೋರಿಸಿದರೆ ದಾರಿಯಲ್ಲಿ ಎಲ್ಲೋ ದೋಷವಿದೆ ಎಂದೇ ಅರ್ಥ. ಸಿಂಗಪುರದ ಸರ್ವರ್ ಆದರೆ 60ರ ಆಸುಪಾಸು ಸಹಜ, ಯುರೋಪಿನದ್ದಾದರೆ 100 ದಾಟುವುದೂ ಸಹಜ. ಅದನ್ನು ಯಾವ ಕಂಪನಿಯೂ ಇಳಿಸಲಾರದು. ಆದ್ದರಿಂದ ಆಟದ ಸೆಟ್ಟಿಂಗ್‌ನಲ್ಲಿ ಯಾವ ಊರಿನ ಸರ್ವರ್ ಆಯ್ಕೆಯಾಗಿದೆ ಎಂದು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕು.

ಎರಡನೆಯದಾಗಿ ವೈಫೈ. ಆಡುವ ಕಂಪ್ಯೂಟರನ್ನು ಒಂದು ಸಂಜೆಯ ಮಟ್ಟಿಗೆ ಲ್ಯಾನ್ ಕೇಬಲ್‌ನಿಂದ ನೇರವಾಗಿ ರೌಟರಿಗೆ ಜೋಡಿಸಿ ಆಡಿ ನೋಡಬೇಕು. ನಾನು ನೋಡಿದ ಮನೆಗಳಲ್ಲಿ ಬಹುಪಾಲು ದೂರುಗಳು ಇಲ್ಲೇ ಮುಗಿದಿವೆ. ನಮ್ಮ ಚಾಳುಗಳಲ್ಲಿ, ಹತ್ತಿರ ಹತ್ತಿರ ಕಟ್ಟಿದ ಸೊಸೈಟಿಗಳಲ್ಲಿ ಫೋನ್ ತೆರೆದರೆ ಇಪ್ಪತ್ತು ಮೂವತ್ತು ವೈಫೈ ಹೆಸರುಗಳು ಒಟ್ಟಿಗೆ ಕಾಣುತ್ತವೆ. 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಅಷ್ಟೂ ಮನೆಗಳು ಆ ಮೂರರಲ್ಲೇ ಹಂಚಿಕೊಂಡು ಸರದಿಗಾಗಿ ಕಾಯಬೇಕು, ಮೈಕ್ರೊವೇವ್ ಒಲೆಯೂ ಅದೇ ತರಂಗದಲ್ಲಿ ಗದ್ದಲ ಎಬ್ಬಿಸುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಅದು ಕಾಂಕ್ರೀಟ್ ಗೋಡೆಯನ್ನು ಸುಲಭವಾಗಿ ದಾಟದು. ಹೀಗಿರುವಾಗ ರೌಟರನ್ನು ಬಾಗಿಲ ಬಳಿಯ ಚಪ್ಪಲಿ ಕಪಾಟಿನ ಮೇಲೆ, ಟಿವಿಯ ಬೆನ್ನಿಗೆ ಅಂಟಿಸಿಟ್ಟು, ಎರಡು ಗೋಡೆಯಾಚೆಯ ಕೋಣೆಯಲ್ಲಿ ಕುಳಿತು ಆಡಿದರೆ ಪಿಂಗ್ ಒಮ್ಮೆ 10, ಮರುಕ್ಷಣ 140 ಎಂದು ಜಿಗಿಯುವುದರಲ್ಲಿ ಆಶ್ಚರ್ಯವಿಲ್ಲ. ಗೋಡೆಯ ಅಂಚಿನಲ್ಲಿ ಎಳೆದ ಹದಿನೈದು ಮೀಟರ್ ಲ್ಯಾನ್ ಕೇಬಲ್‌ಗೆ ತಗಲುವ ಹಣ ದುಬಾರಿ ಪ್ಲಾನ್‌ನ ಒಂದು ತಿಂಗಳ ವ್ಯತ್ಯಾಸಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ಮೊಬೈಲಿನಲ್ಲಿ ಆಡುವವರು ರೌಟರ್ ಇರುವ ಕೋಣೆಯಲ್ಲೇ ಕುಳಿತು 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿಕೊಂಡರೆ ಸಾಕಷ್ಟು ಸುಧಾರಣೆ ಕಾಣುತ್ತಾರೆ.

ಕೇಬಲ್ ಹಾಕಿಯೂ ತೊಂದರೆ ಉಳಿದರೆ ಅಳತೆಗೆ ಇಳಿಯಬೇಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ, ಆದೇಶ ಬರೆಯುವ ಕಿಟಕಿಯನ್ನು ತೆರೆದು ಪಿಂಗ್ (ping) ಎಂಬ ಆದೇಶದ ಮುಂದೆ ಮೊದಲು ರೌಟರಿನ ವಿಳಾಸವನ್ನು ಕೊಡಬೇಕು. ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ, ರೌಟರಿನ ಕೆಳಗಿನ ಚೀಟಿಯಲ್ಲೂ ಬರೆದಿರುತ್ತದೆ. ಇನ್ನೊಂದು ಕಿಟಕಿಯಲ್ಲಿ ಗೂಗಲ್‌ನ 8.8.8.8 ವಿಳಾಸಕ್ಕೂ ಪಿಂಗ್ ಹಚ್ಚಿ, ನಾಲ್ಕು ಸಲಕ್ಕೇ ನಿಲ್ಲದಂತೆ ಎರಡೂ ಆದೇಶಗಳ ಕೊನೆಗೆ -t ಸೇರಿಸಿ ಅಕ್ಕಪಕ್ಕ ಓಡಲು ಬಿಡಬೇಕು. ಬೆಳಿಗ್ಗೆ ಒಮ್ಮೆ, ಆಟ ಕೆಡುವ ರಾತ್ರಿಯ ಹೊತ್ತಿನಲ್ಲಿ ಒಮ್ಮೆ ನೋಡಿದರೆ ಚಿತ್ರ ತಾನಾಗಿ ಸ್ಪಷ್ಟವಾಗುತ್ತದೆ. ರೌಟರಿನ ಪಿಂಗೇ ಏರುತ್ತಿದ್ದರೆ ದೋಷ ಮನೆಯೊಳಗಿದೆ. ರೌಟರ್ ಒಂದು ಮಿಲಿಸೆಕೆಂಡಿನಲ್ಲಿ ಸ್ಥಿರವಾಗಿದ್ದು ಹೊರಗಿನದು ಮಾತ್ರ ಏರಿದರೆ ಎರಡು ಸಾಧ್ಯತೆಗಳು ಉಳಿಯುತ್ತವೆ: ನಮ್ಮದೇ ಮನೆಯವರು ಲೈನನ್ನು ತುಂಬಿಸಿದ್ದಾರೆ, ಇಲ್ಲವೇ ಕಂಪನಿಯ ಕಡೆ ತೊಂದರೆಯಿದೆ.

ಮೊದಲನೆಯ ಸಾಧ್ಯತೆಯನ್ನು ತಿಳಿದವರು ತೀರ ಕಡಿಮೆಯಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಸೊಸೈಟಿಯಲ್ಲಿರುವ ಮಂಗಳೂರು ಕಡೆಯ ಒಂದು ಮನೆಯಲ್ಲಿ ಪ್ರತಿ ಸಂಜೆ ಏಳೂವರೆಯಿಂದ ಎಂಟೂವರೆಯವರೆಗೆ ಆಟ ಆಡಲಾಗದ ಸ್ಥಿತಿ ಇತ್ತು. ಕೇಬಲ್ ಹಾಕಿಯಾಗಿತ್ತು, ಪ್ಲಾನ್ ಏರಿಸುವ ಮಾತು ನಡೆದಿತ್ತು. ನಾನು ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆದಿಟ್ಟು ಕುಳಿತಿದ್ದಾಗ ಎರಡರಲ್ಲೂ ಪಿಂಗ್ ಶಾಂತವಾಗಿತ್ತು, ರೌಟರಿನದು 1, ಹೊರಗಿನದು 6. ಬಾಗಿಲು ತೆರೆದು ಹುಡುಗನ ಅಕ್ಕ ಆಫೀಸಿನಿಂದ ಒಳಗೆ ಬಂದರು, ಫೋನನ್ನು ಚಾರ್ಜಿಗೆ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಹೊರಗಿನ ಪಿಂಗ್ 6ರಿಂದ 90ಕ್ಕೆ, ಅಲ್ಲಿಂದ 380ಕ್ಕೆ ಏರಿ ಅಲ್ಲೇ ನಿಂತಿತು. ರೌಟರಿನದು ಮಾತ್ರ 1ರಿಂದ ಕದಲಲಿಲ್ಲ. ‘ಅಂಕಲ್, ದಿನಾ ಅಕ್ಕ ಬಂದ ಮೇಲೇ ಹೀಗಾಗುವುದು’ ಎಂದು ಹುಡುಗ ಹೇಳಿದ. ಅವನ ಗಮನಿಕೆ ಸರಿಯಾಗಿಯೇ ಇತ್ತು. ದಿನವಿಡೀ ತೆಗೆದ ಫೋಟೊ, ವಿಡಿಯೊಗಳನ್ನು ಫೋನು ಮನೆಯ ವೈಫೈ ಸಿಕ್ಕೊಡನೆ ಕ್ಲೌಡ್‌ಗೆ ಏರಿಸಲು ತೊಡಗುತ್ತಿತ್ತು. ಫೋನಿನ ವೈಫೈ ಆರಿಸಿದೆವು. ಪಿಂಗ್ ಮರಳಿ 6ಕ್ಕೆ ಬಂತು. ಮತ್ತೆ ಹಚ್ಚಿದೆವು, ಮತ್ತೆ ಏರಿತು.

ಇದರ ಕಾರಣ ಸರಳವಾದ ಗಣಿತ. ಆ ಮನೆಯ ಅಪ್‌ಲೋಡ್ ವೇಗ 10 ಎಂಬಿಪಿಎಸ್. ಫೋನು ಅದಕ್ಕಿಂತ ವೇಗವಾಗಿ ಸರಕು ತಂದು ಸುರಿದಾಗ ರೌಟರ್ ಹೆಚ್ಚುವರಿಯನ್ನು ತನ್ನ ಮೆಮೊರಿಯಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಅಲ್ಲಿ ಅರ್ಧ ಮೆಗಾಬೈಟ್, ಅಂದರೆ ನಾಲ್ಕು ಮೆಗಾಬಿಟ್ ಸರಕು ಸಾಲುಗಟ್ಟಿದರೂ ಅದು ಖಾಲಿಯಾಗಲು 400 ಮಿಲಿಸೆಕೆಂಡ್ ಬೇಕು. ಆಟದ ಪುಟ್ಟ ಸಂದೇಶ ಬಂದು ಸಾಲಿನ ಕೊನೆಯಲ್ಲಿ ನಿಂತರೆ ಅದೂ ಅಷ್ಟೇ ಹೊತ್ತು ಕಾಯಬೇಕು. ಜಿಮ್ ಗೆಟ್ಟಿಸ್ ಎಂಬ ತಂತ್ರಜ್ಞರು ತಮ್ಮ ಮನೆಯ ಲೈನಿನಲ್ಲೇ ಇದನ್ನು ಕಂಡು, 2010ರ ಹೊತ್ತಿಗೆ ಬಫರ್‌ಬ್ಲೋಟ್ ಎಂಬ ಹೆಸರಿನಲ್ಲಿ ಲೋಕದ ಗಮನಕ್ಕೆ ತಂದರು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ಪರಿಹಾರ ಸೂಚಿಸಿದರು; ಅದರ ಮುಂದುವರಿದ ರೂಪವಾದ ಎಫ್‌ಕ್ಯೂ-ಕೋಡೆಲ್ 2018ರಲ್ಲಿ ಇಂಟರ್ನೆಟ್‌ನ ಅಧಿಕೃತ ದಾಖಲೆಗಳಲ್ಲೂ ಸೇರಿತು. ಅದು ದೊಡ್ಡ ಸರಕಿನ ಸಾಲನ್ನೂ ಸಣ್ಣ ಸಂದೇಶಗಳ ಸಾಲನ್ನೂ ಬೇರೆ ಬೇರೆ ಮಾಡಿ, ಯಾರೂ ಬಹಳ ಹೊತ್ತು ಕಾಯದಂತೆ ನೋಡಿಕೊಳ್ಳುತ್ತದೆ. ಇಷ್ಟು ವರ್ಷಗಳಾದರೂ ಕಂಪನಿಗಳು ನಮ್ಮ ಮನೆಗೆ ತಂದು ಕೂರಿಸುವ ಅಗ್ಗದ ರೌಟರುಗಳಲ್ಲಿ ಈ ಸೌಲಭ್ಯ ಕಾಣಸಿಗುವುದು ಅಪರೂಪ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಸ್ವಂತ ರೌಟರ್ ಕೊಳ್ಳುವವರು ಸಾಲನ್ನು ಹೀಗೆ ನಿರ್ವಹಿಸುವ ಎಸ್‌ಕ್ಯೂಎಂ (SQM) ಎಂಬ ಆಯ್ಕೆ ಇದೆಯೇ ಎಂದು ಕೇಳಿ ಕೊಳ್ಳಲಿ, ಮತ್ತು ಅದರಲ್ಲಿ ವೇಗದ ಮಿತಿಯನ್ನು ಲೈನಿನ ನಿಜವಾದ ವೇಗದ ಶೇಕಡಾ 90ರ ಸುಮಾರಿಗೆ ಇಡಲಿ; ಆಗ ಸಾಲು ಕಂಪನಿಯ ಯಂತ್ರದಲ್ಲಿ ಕಟ್ಟದೆ ನಮ್ಮ ನಿಯಂತ್ರಣದಲ್ಲೇ ಉಳಿಯುತ್ತದೆ. ಕೊಳ್ಳಲಾಗದವರು ಆಟದ ಹೊತ್ತಿನಲ್ಲಿ ಫೋಟೊ ಬ್ಯಾಕಪ್, ಅಪ್‌ಡೇಟ್‌ಗಳನ್ನು ನಿಲ್ಲಿಸಿ ತಡರಾತ್ರಿಗೆ ಬಿಟ್ಟರೂ ಆದೀತು. ಆ ಮನೆಯಲ್ಲಿ ನಾವು ಮಾಡಿದ್ದೂ ಅಷ್ಟೇ. ಅಪ್‌ಲೋಡ್ ವೇಗ ಹೆಚ್ಚಿರುವ ಪ್ಲಾನ್‌ನಿಂದ ಸ್ವಲ್ಪ ಲಾಭವಾಗುವುದು ಇದೊಂದು ಸಂದರ್ಭದಲ್ಲಿ ಮಾತ್ರ. ಅಲ್ಲೂ ಜಾಹೀರಾತಿನ ಡೌನ್‌ಲೋಡ್ ಅಂಕಿಯನ್ನು ಬಿಟ್ಟು ಅಪ್‌ಲೋಡ್ ಎಷ್ಟು ಎಂದು ಕೇಳಬೇಕು.

ಮನೆಯವರೆಲ್ಲರ ಫೋನು, ಟಿವಿ ಆರಿಸಿದ ಮೇಲೂ ಹೊರಗಿನ ಪಿಂಗ್ ಏರುತ್ತಿದ್ದರೆ ಲೈನಿನತ್ತ ನೋಡಬೇಕು. ನಮ್ಮ ಹಳೆಯ ಬಡಾವಣೆಗಳಲ್ಲಿ ಫೈಬರ್ ಎಂದು ಮಾರುವ ಎಷ್ಟೋ ಸಂಪರ್ಕಗಳಲ್ಲಿ ಫೈಬರ್ ಬರುವುದು ಪಕ್ಕದ ಕಟ್ಟಡದ ಗಚ್ಚಿಯವರೆಗೆ ಮಾತ್ರ. ಅಲ್ಲಿಂದ ಕೇಬಲ್‌ವಾಲಾ ಗಚ್ಚಿಯಿಂದ ಗಚ್ಚಿಗೆ ಸಾಮಾನ್ಯ ಲ್ಯಾನ್ ತಂತಿ ಎಳೆದು, ತಗಡಿನ ಡಬ್ಬಿಯೊಳಗಿನ ಸ್ವಿಚ್ಚಿನಿಂದ ಮನೆಮನೆಗೆ ಹಂಚಿರುತ್ತಾನೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಆ ಡಬ್ಬಿಯ ಜೋಡಣೆಗಳಲ್ಲಿ ನೀರಿಳಿದು ತಾಮ್ರ ಹಸಿರುಗಟ್ಟುತ್ತದೆ. ಆಗ ಪಿಂಗ್ ಏರುವುದಕ್ಕಿಂತ ಹೆಚ್ಚಾಗಿ ಸಂದೇಶಗಳೇ ಕಳೆದುಹೋಗುತ್ತವೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂಬ ಸಾಲು ಕಾಣುತ್ತದೆ. ನೂರಕ್ಕೆ ಎರಡು ಮೂರು ಸಂದೇಶ ಕಳೆದರೂ ಸ್ಪೀಡ್ ಟೆಸ್ಟ್ ಹೆಚ್ಚೇನೂ ಕೆಡದೆ ಕಾಣಬಹುದು, ಆಟವಂತೂ ಹಾಳಾಗುತ್ತದೆ. ಫೈಬರ್ ಮನೆಯೊಳಗಿನ ಪೆಟ್ಟಿಗೆಯವರೆಗೂ ಬರುತ್ತದೆಯೇ ಎಂದು ಸಂಪರ್ಕ ಪಡೆಯುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನುಳಿದದ್ದು ದಾರಿಯ ಪ್ರಶ್ನೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಟ್ರೇಸರ್ಟ್ (tracert) ಎಂಬ ಆದೇಶದ ಮುಂದೆ ಸರ್ವರ್‌ನ ವಿಳಾಸ ಕೊಟ್ಟರೆ ಸಂದೇಶ ಯಾವ ಯಾವ ನಿಲುಗಡೆ ದಾಟಿ ಹೋಗುತ್ತದೆ ಎಂಬ ಪಟ್ಟಿ ಬರುತ್ತದೆ. ಮುಂಬಯಿ ಸರ್ವರ್‌ಗೆ ಹೊರಟ ಸಂದೇಶ ಚೆನ್ನೈಗೋ ಸಿಂಗಪುರಕ್ಕೋ ಹೋಗಿ ತಿರುಗಿ ಬರುವುದನ್ನು ಅದರಲ್ಲಿ ಕಣ್ಣಾರೆ ಕಾಣಬಹುದು. ಎರಡು ಕಂಪನಿಗಳು ಊರೊಳಗೇ ಒಂದಕ್ಕೊಂದು ಜೋಡಿಕೊಳ್ಳದಿದ್ದಾಗ ಹೀಗಾಗುತ್ತದೆ. ದೇಶದೊಳಗಿನ ಸಂಚಾರ ದೇಶದೊಳಗೇ ಉಳಿಯಲಿ ಎಂಬ ಉದ್ದೇಶದಿಂದಲೇ 2003ರಲ್ಲಿ ನಿಕ್ಸಿ ಸಂಸ್ಥೆ ಹುಟ್ಟಿತು. ಕಂಪನಿಗಳ ಜಾಲಗಳು ಒಂದಕ್ಕೊಂದು ಜೋಡಿಕೊಳ್ಳುವ ಅದರ ವಿನಿಮಯ ಕೇಂದ್ರ ಮುಂಬಯಿಯಲ್ಲಿದೆ, ಡಿಇ-ಸಿಐಎಕ್ಸ್‌ನಂಥ ಖಾಸಗಿ ಕೇಂದ್ರಗಳೂ ಇವೆ. ಪಟ್ಟಿ ಓದುವಾಗ ಒಂದು ಎಚ್ಚರ ಬೇಕು: ನಡುವಿನ ಒಂದು ನಿಲುಗಡೆಯಲ್ಲಿ ನಕ್ಷತ್ರ ಚಿಹ್ನೆಯೋ ದೊಡ್ಡ ಅಂಕಿಯೋ ಕಂಡು ಮುಂದಿನವು ಸರಿಯಾಗಿದ್ದರೆ ಅದು ದೋಷವಲ್ಲ, ಆ ಯಂತ್ರ ಇಂಥ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರಿಸುತ್ತದೆ ಅಷ್ಟೇ. ಏರಿದ ಅಂಕಿ ಕೊನೆಯವರೆಗೂ ಇಳಿಯದೆ ಉಳಿದರೆ ಮಾತ್ರ ಅಲ್ಲಿಂದ ತೊಂದರೆ ಆರಂಭವಾಗಿದೆ ಎನ್ನಬಹುದು.

ಡಿಎನ್‌ಎಸ್ ಬದಲಿಸಿದರೆ ಪಿಂಗ್ ಇಳಿಯುತ್ತದೆ ಎಂಬುದು ನಿಜವಲ್ಲ. ಅದು ಸರ್ವರ್‌ನ ವಿಳಾಸ ಹುಡುಕುವ ಹೊತ್ತಿಗಷ್ಟೇ ಸಂಬಂಧಿಸಿದ್ದು. ಗೇಮ್ ಬೂಸ್ಟರ್ ಎಂಬ ಆ್ಯಪ್‌ಗಳಿಗೆ ಹಣ ಕೊಡಬೇಡಿ. ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ತಿರುಗಿಸುವ ವಿಪಿಎನ್ ಹಾಕಿದರೆ ದಾರಿ ಸಾಮಾನ್ಯವಾಗಿ ಉದ್ದವೇ ಆಗುತ್ತದೆ. ಕಂಪನಿಯ ದಾರಿಯೇ ಸುತ್ತುಬಳಸಾಗಿದ್ದಾಗ ಮಾತ್ರ ಅಪರೂಪಕ್ಕೆ ನೆರವಾಗುತ್ತದೆ.

ಇಷ್ಟೆಲ್ಲ ಪರೀಕ್ಷಿಸಿ ದೋಷ ಕಂಪನಿಯ ಕಡೆಯದ್ದೆಂದು ಖಚಿತವಾದ ಮೇಲೆ ಫೋನ್ ಮಾಡಿದರೆ ಸಿಗುವ ಉತ್ತರ ‘ಸ್ಪೀಡ್ ತೋ ಆ ರಹಾ ಹೈ ನಾ’ ಎಂಬುದು. ವೇಗ ಬರುತ್ತಿದೆ, ಆದ್ದರಿಂದ ದೂರು ಮುಗಿಯಿತು. ಈ ಧೋರಣೆಗೆ ನಿಯಮಗಳ ಬೆಂಬಲವಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲಿ ತಂದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಗಳಲ್ಲೇ ಕಂಪನಿಯ ನೋಡ್‌ನಿಂದ (ಸ್ಥಳೀಯ ಕೇಂದ್ರದಿಂದ) ದೇಶದ ಹೊರಬಾಗಿಲಾದ ಅಂತರರಾಷ್ಟ್ರೀಯ ಗೇಟ್‌ವೇವರೆಗಿನ ವಿಳಂಬ 120 ಮಿಲಿಸೆಕೆಂಡ್ ಮೀರಬಾರದು, ಸಂದೇಶಗಳ ನಷ್ಟ ಶೇಕಡಾ 1 ದಾಟಬಾರದು ಎಂದಿತ್ತು. ಅದರ ಜಾಗಕ್ಕೆ ಬಂದು 2024ರ ಅಕ್ಟೋಬರ್ 1ರಿಂದ ಜಾರಿಯಾದ ಹೊಸ ನಿಯಮಗಳಲ್ಲೂ ವಿಳಂಬ ಒಂದು ಮಾನದಂಡವಾಗಿದೆ. ಆದರೆ ಅವು ಇಡೀ ಜಾಲದ ಲೆಕ್ಕ. ನಮ್ಮ ಕಟ್ಟಡದಲ್ಲಿ ರಾತ್ರಿ ಒಂಬತ್ತಕ್ಕೆ ಏನಾಗುತ್ತಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಬ್ರಾಡ್‌ಬ್ಯಾಂಡ್ ಎಂದರೇನು ಎಂಬ ಸರ್ಕಾರಿ ವ್ಯಾಖ್ಯೆಯನ್ನು 2023ರ ಜನವರಿಯಲ್ಲಿ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದಾಗಲೂ ಗಮನ ಡೌನ್‌ಲೋಡ್ ವೇಗದ ಮೇಲೆಯೇ ಇತ್ತು. ವೇಗದ ಅಂಕಿಯ ಜೊತೆಗೆ, ಸಂಜೆ ಎಂಟರಿಂದ ಹನ್ನೊಂದರ ನಡುವೆ ಗ್ರಾಹಕನ ರೌಟರಿನಿಂದ ಮುಂಬಯಿಯ ವಿನಿಮಯ ಕೇಂದ್ರದವರೆಗಿನ ಪಿಂಗ್ ಎಷ್ಟು ಎಂಬುದನ್ನೂ ಪ್ರತಿ ಪ್ಲಾನ್‌ನ ಜಾಹೀರಾತಿನಲ್ಲಿ ಮುದ್ರಿಸುವುದನ್ನು ಟ್ರಾಯ್ ಕಡ್ಡಾಯ ಮಾಡಬೇಕೆಂದು ಈ ಪತ್ರದ ಮೂಲಕ ಒತ್ತಾಯಿಸುತ್ತೇನೆ. ಅಳೆಯುವುದು ಕಂಪನಿಗಳಿಗೆ ಕಷ್ಟವಲ್ಲ, ರೌಟರ್ ಅವರದ್ದೇ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸವೊಂದಿದೆ. ಕೇಬಲ್‌ವಾಲಾನಿಗೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ; ಅವನು ಹೆಚ್ಚಾಗಿ ಲೈಸೆನ್ಸ್ ಇರುವ ಕಂಪನಿಯ ಪರವಾಗಿ ಸೇವೆ ಕೊಡುವ ವ್ಯಕ್ತಿ. ಆ ಕಂಪನಿಯ ದೂರು ಕೇಂದ್ರದಲ್ಲೇ ದೂರು ದಾಖಲಿಸಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ಪಿಂಗ್ ಮತ್ತು ಟ್ರೇಸರ್ಟ್‌ನ ಚಿತ್ರಗಳನ್ನು ದಿನಾಂಕ, ಸಮಯ ಕಾಣುವಂತೆ ತೆಗೆದು ಜೊತೆಗೆ ಕಳುಹಿಸಿ. ರೌಟರಿನ ಪಿಂಗ್ 1, ಹೊರಗಿನದು 180 ಎಂಬ ಎರಡು ಚಿತ್ರಗಳ ಮುಂದೆ ‘ನಿಮ್ಮ ವೈಫೈ ಸರಿಯಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ನೇರವಾಗಿ ವಿಚಾರಿಸುವುದಿಲ್ಲ; ಆದರೆ ಅದರ 2012ರ ನಿಯಮಗಳ ಪ್ರಕಾರ ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು, ಅದು 39 ದಿನದೊಳಗೆ ತೀರ್ಮಾನ ಕೊಡಬೇಕು. ಮೇಲ್ಮನವಿಗೆ ಶುಲ್ಕವಿಲ್ಲ. ಒಂದೇ ಕಟ್ಟಡದ ನಾಲ್ಕು ಮನೆಯವರು ಅದೇ ಹೊತ್ತಿನ ಅಳತೆಗಳೊಡನೆ ಬೇರೆ ಬೇರೆಯಾಗಿ ದೂರು ಕೊಟ್ಟರೆ ಗಚ್ಚಿಯ ಡಬ್ಬಿಯನ್ನು ತೆರೆದು ನೋಡಲು ಜನ ಬಂದೇ ಬರುತ್ತಾರೆ; ನಮ್ಮ ಸೊಸೈಟಿಯಲ್ಲಿ ಹಾಗೆ ಬಂದು ಹಳೆಯ ತಂತಿ ಕಿತ್ತು ಮನೆಯವರೆಗೂ ಫೈಬರ್ ಎಳೆದುಕೊಟ್ಟಿದ್ದಾರೆ.

ಇತಿ,
ಡೊಂಬಿವಲಿ ಪೂರ್ವದ ಓದುಗ